ಪ್ಲೇಟ್‌ಲೆಟ್‌ಗೆ ಐಸ್ ಏಕೆ ಬೇಡ?

ಡೆಂಗಿ ಜೋರಾಗಿರುವ ಈ ಮಳೆಗಾಲದಲ್ಲಿ ಓದುಗರೊಬ್ಬರು ಕೇಳಿದ್ದಾರೆ: ‘ಅಣ್ಣನ ಆಪರೇಷನ್ನಿಗೆ ರಕ್ತ ತಂದಾಗ ಐಸ್ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದರು. ಮಗಳಿಗೆ ಪ್ಲೇಟ್‌ಲೆಟ್ ತರಲು ಹೋದರೆ ಐಸ್ ಬೇಡ, ಬೇಗ ಒಯ್ಯಿರಿ ಅಂದರು. ಕೆಡುವುದಿಲ್ಲವೇ?’

ಐಸ್‌ನಲ್ಲಿಟ್ಟರೇ ಕೆಡುವುದು. ದಾನಿಯ ಒಂದೇ ಚೀಲ ರಕ್ತವನ್ನು ಬ್ಲಡ್ ಬ್ಯಾಂಕಿನಲ್ಲಿ ರಭಸವಾಗಿ ತಿರುಗಿಸಿ ಬೇರ್ಪಡಿಸಿದ ಮೇಲೆ ಒಂದೊಂದು ಭಾಗಕ್ಕೂ ಒಂದೊಂದು ಹವೆ ಬೇಕು. ಕೆಂಪು ಕಣಗಳು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪೋಷಕ ದ್ರಾವಣ ಬೆರೆಸಿದ್ದರೆ, 42 ದಿನ ಬಾಳುತ್ತವೆ. ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ವರ್ಷದವರೆಗೆ ಇಡಬಹುದು. ಪ್ಲೇಟ್‌ಲೆಟ್ ಇರಬೇಕಾದದ್ದು 20ರಿಂದ 24 ಡಿಗ್ರಿಯಲ್ಲಿ, ಹಗಲೂ ರಾತ್ರಿ ಮೆಲ್ಲಗೆ ಅಲುಗಾಡಿಸುವ ಯಂತ್ರದ ಮೇಲೆ. ಅದೂ ಸಾಮಾನ್ಯವಾಗಿ ಐದೇ ದಿನ.

ಮೊದಲು ಇದನ್ನೂ ತಣ್ಣಗೇ ಇಡುತ್ತಿದ್ದರು. 1969ರಲ್ಲಿ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡನರ್ ಪ್ಲೇಟ್‌ಲೆಟ್‌ಗಳಿಗೆ ವಿಕಿರಣಶೀಲ ಗುರುತು ಹಚ್ಚಿ ಮನುಷ್ಯರ ಮೈಗೆ ಹಿಂದಿರುಗಿಸಿ ನೋಡಿದರು. 4 ಡಿಗ್ರಿಯಲ್ಲಿದ್ದವು ರಕ್ತದಿಂದ ಬೇಗನೆ ಕಣ್ಮರೆಯಾದವು. 22 ಡಿಗ್ರಿಯಲ್ಲಿದ್ದವು ದಿನಗಟ್ಟಲೆ ಸುತ್ತುತ್ತಿದ್ದವು. ಬ್ಲಡ್ ಬ್ಯಾಂಕುಗಳ ಪದ್ಧತಿಯನ್ನೇ ಬದಲಿಸಿದ ಕೆಲಸವಿದು.

ತಣ್ಣಗಿದ್ದವು ಹೋದದ್ದೆಲ್ಲಿಗೆ? ಚಳಿ ತಾಗಿದೊಡನೆ ಚಪ್ಪಟೆ ಬಿಲ್ಲೆಯಂಥ ಪ್ಲೇಟ್‌ಲೆಟ್ ಕದಂಬದ ಹೂವಿನಂತೆ ಉರುಟಾಗಿ ಮೈತುಂಬ ಕಡ್ಡಿ ಎಬ್ಬಿಸಿಕೊಳ್ಳುವುದು ಗೊತ್ತಿತ್ತು. ಆ ರೂಪಬದಲಾವಣೆಯೇ ಕಾರಣವೆಂದು ಬಹುಕಾಲ ನಂಬಿದ್ದರು. 2003ರಲ್ಲಿ ಬಾಸ್ಟನ್ನಿನ ಕರಿನ್ ಹಾಫ್‌ಮೈಸ್ಟರ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ಬೇರೆಯದೇ ಕಾರಣ ತೋರಿಸಿದರು. ಗಾಯದ ಜಾಗಕ್ಕೆ ಅಂಟಿಕೊಳ್ಳಲು ಪ್ಲೇಟ್‌ಲೆಟ್ ಮೈಮೇಲಿರುವ ಪ್ರೋಟೀನುಗಳು ಚಳಿಗೆ ಒಂದೆಡೆ ಗುಂಪುಗೂಡುತ್ತವೆ. ಯಕೃತ್ತಿನ ಭಕ್ಷಕ ಕಣಗಳು ಆ ಗುಂಪನ್ನು ಗುರುತಿಸಿ ಇಡೀ ಪ್ಲೇಟ್‌ಲೆಟ್ ಅನ್ನೇ ನುಂಗುತ್ತವೆ. ಎಷ್ಟು ಸೊಗಸಾದ ಪತ್ತೇದಾರಿ!

ಅಲುಗಾಟ ಬೇಕಿರುವುದು ಉಸಿರಾಟಕ್ಕೆ. ಚೀಲದ ಪ್ಲಾಸ್ಟಿಕ್ ಮೂಲಕವೇ ಆಮ್ಲಜನಕ ಒಳಬರಬೇಕು. ಬಹುಹೊತ್ತು ಸುಮ್ಮನೆ ಬಿದ್ದಿದ್ದರೆ ಅದು ಸಾಲದೆ ಲ್ಯಾಕ್ಟಿಕ್ ಆಮ್ಲ ಕೂಡಿ ಕಣಗಳು ಸಾಯುತ್ತವೆ. ಬ್ಲಡ್ ಬ್ಯಾಂಕಿನಿಂದ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತು ಅಲುಗಾಡದಿದ್ದರೆ ಚಿಂತೆಯಿಲ್ಲ. ತಂದ ಚೀಲವನ್ನು ಯಾರೋ ಕಾಳಜಿಯಿಂದ ವಾರ್ಡಿನ ಫ್ರಿಜ್ಜಿಗೆ ಸೇರಿಸುತ್ತಾರಲ್ಲ, ನನಗೆ ಭಯ ಅದರದ್ದೇ.

ಪ್ಲೇಟ್‌ಲೆಟ್‌ಗೆ ಬೇಕಾದ ಈ ಬೆಚ್ಚನೆಯ ಹವೆ ಬ್ಯಾಕ್ಟೀರಿಯಾಗಳಿಗೂ ಹಿತ. ಸೂಜಿ ಚುಚ್ಚುವಾಗ ದಾನಿಯ ಚರ್ಮದಿಂದ ನುಸುಳಿದ ಬೆರಳೆಣಿಕೆಯಷ್ಟು ಜೀವಿಗಳು ದಿನ ಕಳೆದಂತೆ ಅಪಾರವಾಗಿ ಹೆಚ್ಚಬಲ್ಲವು. ಅಮೆರಿಕ 1980ರ ದಶಕದಲ್ಲಿ ಪ್ಲೇಟ್‌ಲೆಟ್ ಇಡುವ ಅವಧಿಯನ್ನು ಏಳು ದಿನಕ್ಕೆ ಏರಿಸಿ, ಸೋಂಕಿನ ಭಯದಿಂದ 1986ರಲ್ಲಿ ಮತ್ತೆ ಐದಕ್ಕೆ ಇಳಿಸಿತು.

ಈಗ ಚಳಿ ಹೊಸ ರೀತಿಯಲ್ಲಿ ಮರಳಿದೆ. ತಣ್ಣಗಿಟ್ಟ ಪ್ಲೇಟ್‌ಲೆಟ್ ಹೆಚ್ಚು ಕಾಲ ಬದುಕದಿದ್ದರೂ ಗಾಯಕ್ಕೆ ಚುರುಕಾಗಿ ಅಂಟುತ್ತದೆ. ರಕ್ತ ಸುರಿಯುತ್ತಿರುವವರಿಗೆ ಆ ಕ್ಷಣದ ಅಂಟು ಮುಖ್ಯ. ಹಾಗಾಗಿ ಮಾಮೂಲಿ ಪ್ಲೇಟ್‌ಲೆಟ್ ಸಿಗದ ಕಡೆ, ಅಂಥವರಿಗಾಗಿ, 14 ದಿನ ತಣ್ಣಗಿಟ್ಟು ಬಳಸಲು ಅಮೆರಿಕ 2023ರಲ್ಲಿ ಅವಕಾಶ ಕೊಟ್ಟಿತು. ರಕ್ತಸ್ರಾವವಾಗದಂತೆ ಮುಂಚಿತವಾಗಿ ಪ್ಲೇಟ್‌ಲೆಟ್ ಪಡೆಯುವ ಕ್ಯಾನ್ಸರ್ ರೋಗಿಗಳಿಗೆ ಇದು ಹೊಂದದು. ಅವರ ಮೈಯಲ್ಲಿ ಅದು ದಿನಗಟ್ಟಲೆ ಸುತ್ತುತ್ತಿರಬೇಕು.