ಸಂಚಿ ಹಿಡಿದ ಕೈ ಬರೆದ ಚಿತ್ರ

1680ರ ಆಸುಪಾಸಿನಲ್ಲಿ ಬಿಜಾಪುರದ ಇಬ್ಬರು ಕಲಾವಿದರು, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್, ಗ್ರೂಪ್ ಫೋಟೊ ಥರದ ಒಂದು ಚಿತ್ರ ಬರೆದರು. ಬೇರೆ ಬೇರೆ ಕಾಲದಲ್ಲಿ ಆಳಿದ ಆದಿಲ್ ಶಾಹಿ ವಂಶದ ಒಂಬತ್ತೂ ಸುಲ್ತಾನರು ಅದರಲ್ಲಿ ಒಟ್ಟಿಗೆ ಕೂತಿದ್ದಾರೆ! ಈಗ ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಫೋನಲ್ಲೇ ಝೂಮ್ ಮಾಡಿ ಒಬ್ಬೊಬ್ಬರ ಮುಖ ನೋಡಬಹುದು.

ಆ ಚಿತ್ರ ನೋಡಿದಾಗೆಲ್ಲ ನನಗೆ ನಮ್ಮ ಕಡೆಯ ಒಬ್ಬಳ ನೆನಪಾಗುತ್ತೆ. ಅದೇ ಕಾಲದವಳು, ಯಳಂದೂರಿನ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ ಅರಮನೆಯಲ್ಲಿ ಎಲೆ-ಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ಆ ಡೆಸಿಗ್ನೇಷನ್ ಹೆಸರಿಗೇ ಅಂಟಿಕೊಂಡು 'ಸಂಚಿಯ ಹೊನ್ನಮ್ಮ' ಆದಳು.

ಅವಳ ಕಾಲದಲ್ಲಿ ಬರೆದ ಅವಳ ಚಿತ್ರ ನಮ್ಮ ಕೈಗೆ ಬಂದಿಲ್ಲ. ಹುಟ್ಟಿದ ದಿನ, ತೀರಿಕೊಂಡ ದಿನ ದಾಖಲಾಗಿಲ್ಲ. ಇಂದು ಕಾಣುವ ಚಿತ್ರಗಳೆಲ್ಲ ನಂತರದವರ ಕಲ್ಪನೆ. ಉಳಿದದ್ದು ಅವಳೇ ಬರೆದ ಒಂದು ಕಾವ್ಯ: 'ಹದಿಬದೆಯ ಧರ್ಮ'.

ಹದಿಬದೆ ಅಂದ್ರೆ ಪತಿವ್ರತೆ. ಹೆಸರು ಕೇಳಿದ ತಕ್ಷಣ "ಓ, ಹೆಂಡತಿಗೆ ಬುದ್ಧಿವಾದ ತಾನೇ?" ಅಂತ ಸ್ಕ್ರೋಲ್ ಮಾಡಿಬಿಡಬೇಡಿ. ಹೌದು, ಬುದ್ಧಿವಾದವೇ. ಅತ್ತೆ-ಮಾವನ ಸೇವೆ, ಗಂಡನ ಮನಸ್ಸರಿತು ನಡೆಯುವುದು, ಎಲ್ಲ ಇದೆ. ಅದನ್ನೆಲ್ಲ ಇವತ್ತು ಒಪ್ಪಬೇಕಿಲ್ಲ, ನಾನೂ ಒಪ್ಪಲ್ಲ. ಆದರೆ ಅದೇ ಕಾವ್ಯದಲ್ಲಿ ಅವಳು ಹೆಣ್ಣು ಮಗು ಅಂತ ಹೀಗಳೆಯುವವರನ್ನು ನೇರವಾಗಿ ತರಾಟೆಗೆ ತಗೋತಾಳೆ. ನಿಮ್ಮನ್ನು ಹೆತ್ತವಳು, ಸಾಕಿದವಳು ಹೆಣ್ಣಲ್ಲವೇ, ಹಾಗೆ ಹೀಗಳೆಯುವವರು ಕಣ್ಣಿಲ್ಲದವರು ಅನ್ನೋ ಅರ್ಥದ ಮಾತು. ಮುನ್ನೂರು ವರ್ಷ ದಾಟಿದರೂ ಕನ್ನಡಿಗರ ಬಾಯಲ್ಲಿ ಉಳಿದಿರೋದು ಆ ಪದ್ಯವೇ.

ಈ ಮಾತಿಗೆ ತೂಕ ಬರೋದು ಆಡಿದವಳು ಯಾರು ಅನ್ನೋದರಿಂದ. ಅವಳು ರಾಣಿಯಲ್ಲ, ಪಂಡಿತರ ಮನೆತನದ ಹೆಸರೂ ಬೆನ್ನಿಗಿರಲಿಲ್ಲ. ಯಳಂದೂರಿನವರೇ ಆದ ರಾಣಿ ದೇವಾಜಮ್ಮಣ್ಣಿಯವರ ಆಶ್ರಯ ಸಿಕ್ಕಿತು, ಆಸ್ಥಾನದ ವಿದ್ವಾಂಸ ಸಿಂಗರಾರ್ಯರಿಂದ ವಿದ್ಯೆ ಸಿಕ್ಕಿತು. ಹಾಡಿಕೊಳ್ಳಲು ಬರುವ ಸಾಂಗತ್ಯವನ್ನು ಆರಿಸಿಕೊಂಡಳು, ಭಾಷೆಯೂ ತಿಳಿಯಾದದ್ದು. ಓದು ಬಾರದ ಹೆಂಗಸರೂ ಕೇಳಿ ಕಲಿಯಬಹುದಾಗಿತ್ತು. ಅರಮನೆಯ ಪ್ರೇರಣೆಯಿಂದ ಬರೆದ ಧರ್ಮಬೋಧೆಯೊಳಗೇ ತನ್ನ ಮಾತು ಸೇರಿಸಿದ್ದು ಅವಳ ಧೈರ್ಯ.

ಸುಲ್ತಾನರ ಚಿತ್ರದಲ್ಲಿ ಒಬ್ಬ ಹೆಣ್ಣೂ ಇಲ್ಲ. ಹೊನ್ನಮ್ಮನ ಕಾವ್ಯದಲ್ಲಿ ಮಗಳು, ಸೊಸೆ, ಹೆಂಡತಿ, ತಾಯಿ ಎಲ್ಲರೂ ಇದ್ದಾರೆ. ಅವರ ದಿನದ ಬದುಕು, ಅವರ ಮೇಲಿದ್ದ ನಿರೀಕ್ಷೆಯ ಭಾರ ಕಾಣುತ್ತೆ. ನನ್ನ ಪ್ರಕಾರ ಆ ಕಾಲದ ಹೆಣ್ಣಿನ ಭಾವಚಿತ್ರ ಅಂತ ನಮಗಿರೋದು ಇದೇ.

ವೀಕೆಂಡ್‌ಗೆ ಬೆಂಗಳೂರಿಂದ ಕೊಳ್ಳೇಗಾಲಕ್ಕೆ ಬರುವವರಲ್ಲಿ ಕೆಲವರು ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ, ಇನ್ನು ಕೆಲವರು ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗ್ತಾರೆ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ನೋಡಲು ಅರ್ಧ ಗಂಟೆ ನಿಲ್ಲಿ. ಹೊನ್ನಮ್ಮನ ಕಾವ್ಯಕ್ಕಿಂತ ಹಳೆಯ ಕಟ್ಟಡ ಅದು. ಮಗಳು ಹುಟ್ಟಿದಾಗ ಮುಖ ಸಣ್ಣ ಮಾಡುವವರು ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿದ್ದರೆ, ಅಲ್ಲಿಂದಲೇ ಹೊನ್ನಮ್ಮನ ಆ ಪದ್ಯ ಫಾರ್ವರ್ಡ್ ಮಾಡಿ.