ಬೆರಳ ಮಸಿಯಲ್ಲಿ ಕರಾರಿನ ಪಾಠ

ಚುನಾವಣೆಯ ದಿನ ಭಾರತದ ಮತದಾರನ ತೋರುಬೆರಳಿಗೆ ಬೀಳುವ ಕಪ್ಪು ಗೆರೆ ಮೈಸೂರಿನಿಂದ ಹೊರಟುದೆಂಬುದನ್ನು ನಾಡಿನ ಜನ ಬಲ್ಲರು. ಆ ಗೆರೆಯ ಹಿಂದೆ ಒಂದು ಕರಾರೂ ಇದೆಯೆಂಬುದನ್ನು ನೆನೆಯುವವರು ಮಾತ್ರ ವಿರಳ. ವಾಣಿಜ್ಯಶಾಸ್ತ್ರವನ್ನು ಆಗತಾನೆ ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಕರಾರು ಕಾನೂನಿನ ಮೊದಲ ಪಾಠವನ್ನು ಹೇಳಲು ಇದಕ್ಕಿಂತ ಒಳ್ಳೆಯ ನಿದರ್ಶನ ಈ ಊರಿನಲ್ಲಿ ಸಿಗುವುದು ಕಷ್ಟ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳ ತಯಾರಿಕೆಗೆಂದು ಮೈಸೂರಿನಲ್ಲಿ ಒಂದು ಕಾರ್ಖಾನೆ ಹುಟ್ಟಿತು. ಮುಂದೆ ಅದು ಸರ್ಕಾರದ ಉದ್ಯಮವಾಯಿತು. 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್’ ಎಂಬ ಹೆಸರನ್ನು ತಳೆಯಿತು. ಒಬ್ಬನೇ ಎರಡು ಬಾರಿ ಮತ ಹಾಕುವ ಮೋಸವನ್ನು ತಡೆಯಬೇಕೆಂದು ಚುನಾವಣಾ ಆಯೋಗವು 1962ರಲ್ಲಿ ಈ ಸಂಸ್ಥೆಯೊಡನೆ ಅಳಿಸಲಾಗದ ಶಾಯಿಯ ಪೂರೈಕೆಗಾಗಿ ಒಪ್ಪಂದ ಮಾಡಿಕೊಂಡಿತು. ಕೇಂದ್ರದ ಕಾನೂನು ಮಂತ್ರಾಲಯ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಇವು ಆ ಕಾರ್ಯದಲ್ಲಿ ಜೊತೆಗೂಡಿದ್ದವು. ಬೆಳ್ಳಿಯ ನೈಟ್ರೇಟ್ ಬೆರೆತ ಆ ಶಾಯಿ ಚರ್ಮಕ್ಕೆ ತಗುಲಿ ಬೆಳಕು ಕಂಡೊಡನೆ ಕಪ್ಪಾಗುತ್ತದೆ. ಸಾಬೂನು, ಸೀಗೆಗಳಿಗೆ ಜಗ್ಗುವುದಿಲ್ಲ.

ಮಾತು ಕರಾರಾಗುವ ಬಗೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ಹಿರಿಯರ ನುಡಿ. ಆಡಿದ ಮಾತು ಯಾವಾಗ ಹೋಗದೆ ನಿಲ್ಲುತ್ತದೆ ಎಂಬುದನ್ನು 1872ರ ಭಾರತೀಯ ಕರಾರು ಅಧಿನಿಯಮ ಹೇಳುತ್ತದೆ. ಒಬ್ಬನ ಪ್ರಸ್ತಾಪ, ಇನ್ನೊಬ್ಬನ ಅಂಗೀಕಾರ, ಇಬ್ಬರ ನಡುವೆ ಪ್ರತಿಫಲ, ಇಷ್ಟಾದರೆ ಒಪ್ಪಂದವಾಯಿತು. ಅದರ 10ನೆಯ ಕಲಮಿನ ಪ್ರಕಾರ ಕರಾರು ಮಾಡಿಕೊಳ್ಳುವವರು ಅರ್ಹರಾಗಿರಬೇಕು, ಸಮ್ಮತಿ ಸ್ವತಂತ್ರವಾಗಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಬದ್ಧವಾಗಿರಬೇಕು. ಆಗ ಮಾತ್ರ ಒಪ್ಪಂದವು ನ್ಯಾಯಾಲಯ ಎತ್ತಿಹಿಡಿಯುವ ಕರಾರಾಗುತ್ತದೆ. ಎಲ್ಲ ಕರಾರುಗಳೂ ಒಪ್ಪಂದಗಳೇ; ಎಲ್ಲ ಒಪ್ಪಂದಗಳೂ ಕರಾರುಗಳಲ್ಲ. ಕಾಗದ, ಮುದ್ರೆಗಳು ಎಲ್ಲ ವ್ಯವಹಾರಕ್ಕೂ ಬೇಕೆಂದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆಗೆ ಬೆಲೆ ಕೇಳಿ, ಒಪ್ಪಿ, ಹಣವೆಣಿಸುವ ಗೃಹಿಣಿಯೂ ಕರಾರನ್ನೇ ಮಾಡುತ್ತಾಳೆ.

ಪುಣ್ಯಕೋಟಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ಹುಲಿಯ ಸ್ಥಾನದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ನ್ಯಾಯಾಲಯಕ್ಕೆ ಹೋದರೆ ತೀರ್ಪೇನು? ಪ್ರಾಣಭಯದಿಂದ ಕೊಟ್ಟ ಮಾತು ಬಲಾತ್ಕಾರದ ಸಮ್ಮತಿ. ಅಂಥ ಮಾತನ್ನು ಕೊಟ್ಟವನು ಬೇಕೆಂದರೆ ರದ್ದುಪಡಿಸಬಹುದು. ಕಾನೂನು ಆ ಹಸುವನ್ನು ದೊಡ್ಡಿಯಲ್ಲೇ ಉಳಿಸುತ್ತಿತ್ತು, ಹಿಂದಿರುಗಿಸಿದ್ದು ಧರ್ಮ. ಧರ್ಮವು ಎಲ್ಲ ಮಾತನ್ನೂ ಕಾಯುವುದು. ಕಾನೂನು ಕಾಯುವುದು ಸ್ವತಂತ್ರವಾಗಿ ಕೊಟ್ಟು ಕೊಂಡ ಮಾತನ್ನು.

ಹದಿನೆಂಟರ ಹೊಸಿಲು

ಕರಾರಿಗೆ ಅರ್ಹತೆಯೆಂದರೆ ಮುಖ್ಯವಾಗಿ ಸ್ವಸ್ಥಚಿತ್ತ ಮತ್ತು ವಯಸ್ಸು. 1875ರ ಕಾಯಿದೆಯಂತೆ ಪ್ರಾಪ್ತ ವಯಸ್ಸು ಸಾಮಾನ್ಯವಾಗಿ ಹದಿನೆಂಟು. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಹೀಗಾಗಿ ಇಂದು ಬೆರಳಿಗೆ ಮೈಸೂರಿನ ಮಸಿ ತಾಗುವ ವಯಸ್ಸೂ ಕರಾರಿಗೆ ಸಹಿ ಹಾಕುವ ವಯಸ್ಸೂ ಒಂದೇ. ಅಪ್ರಾಪ್ತ ವಯಸ್ಕನ ಕರಾರು ಆರಂಭದಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಕಲ್ಕತ್ತೆಯ ಧರ್ಮೋದಾಸ ಘೋಷನು ಎಳೆಯ ವಯಸ್ಸಿನಲ್ಲಿ ಆಸ್ತಿಯನ್ನು ಒತ್ತೆಯಿಟ್ಟು ಸಾಲ ತೆಗೆದಿದ್ದ ಮೊಕದ್ದಮೆ ಅದು. ಹುಡುಗನ ವಯಸ್ಸಿನ ಬಗೆಗೆ ಸೂಚನೆ ದೊರೆತಿದ್ದರೂ ಹಣ ಕೊಟ್ಟವರಿಗೆ ಅದು ಮರಳಲಿಲ್ಲ. ಎಳೆಯರ ಅನನುಭವವನ್ನು ಕಾನೂನು ಇಷ್ಟು ಬಿಗಿಯಾಗಿ ಕಾಯುತ್ತದೆ. ಆದರೆ ಹೊಸಿಲು ದಾಟಿದ ಮರುದಿನ ಆ ರಕ್ಷೆಯಿಲ್ಲ.

ಹೊತ್ತು ಮೀರಿದರೆ

ಕೆಲವು ಕರಾರುಗಳಿಗೆ ಕಾಲವೇ ಜೀವ. ಮತದಾನದ ಮರುದಿನ ತಲಪಿದ ಶಾಯಿಯಿಂದ ಯಾರಿಗೆ ಏನು ಪ್ರಯೋಜನ? ಹೀಗೆ ಕಾಲವೇ ಸಾರವಾದ ಕರಾರಿನಲ್ಲಿ ಒಬ್ಬನು ಹೊತ್ತು ತಪ್ಪಿಸಿದರೆ ಇನ್ನೊಬ್ಬನು ಅದನ್ನು ರದ್ದುಪಡಿಸಬಹುದೆಂದು 55ನೆಯ ಕಲಮು ಹೇಳುತ್ತದೆ. ಸರಕಿನ ಗುಣಕ್ಕೂ ಇಂಥದೇ ಕಟ್ಟು. ಕರಾರು ಅಧಿನಿಯಮದಿಂದಲೇ ಬೇರ್ಪಟ್ಟು ರೂಪುಗೊಂಡ 1930ರ ಸರಕು ಮಾರಾಟ ಅಧಿನಿಯಮವು, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿದ್ದರೆ, ಸರಕು ಆ ಉದ್ದೇಶಕ್ಕೆ ಒದಗಲೇಬೇಕೆನ್ನುತ್ತದೆ. ಒಮ್ಮೆ ತೊಳೆದರೆ ಹೋಗುವ ಶಾಯಿ ಎಷ್ಟೇ ಕಪ್ಪಾಗಿದ್ದರೂ ಚುನಾವಣೆಗೆ ಅದು ಬರಿಯ ಬಣ್ಣದ ನೀರು.

ಕರಾರು ಮುರಿದವನು ಎಷ್ಟು ತೆರಬೇಕು? ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ಒಂದು ಹಿಟ್ಟಿನ ಗಿರಣಿಯ ಯಂತ್ರದ ದಂಡ ಮುರಿಯಿತು. ಅದನ್ನು ಸಾಗಿಸಿದವರು ತಡಮಾಡಿದರು, ಗಿರಣಿ ನಿಂತಿತು. ನಿಂತ ದಿನಗಳ ಲಾಭವನ್ನು ಗಿರಣಿಯವರು ಕೇಳಿದಾಗ, ಆ ನಷ್ಟ ಕರಾರಿನ ಕಾಲದಲ್ಲಿ ಉಭಯರ ಗಮನದಲ್ಲಿ ಇರಲಿಲ್ಲವೆಂದು 1854ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ನಮ್ಮ 73ನೆಯ ಕಲಮಿನ ತಿರುಳೂ ಅದೇ: ಸಹಜವಾಗಿ ಒದಗುವ ನಷ್ಟಕ್ಕೂ, ಮೊದಲೇ ತಿಳಿದಿದ್ದ ನಷ್ಟಕ್ಕೂ ಪರಿಹಾರವುಂಟು, ದೂರದ ನಷ್ಟಕ್ಕೆ ಇಲ್ಲ. ತನ್ನ ಅವಸರವನ್ನು ಮೊದಲೇ ಬಾಯಿಬಿಟ್ಟು ಹೇಳದ ವರ್ತಕನು ಆಮೇಲೆ ಬಾಯಿ ಬಡಿದುಕೊಂಡು ಫಲವಿಲ್ಲ.

ಇವೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ವಿಷಯಗಳಲ್ಲ. ಸ್ನೇಹದ ದಾಕ್ಷಿಣ್ಯಕ್ಕೆ ಜಾಮೀನು ಪತ್ರಕ್ಕೆ ಸಹಿ ಹಾಕುವ ತರುಣನು, ಬೇರೆ ಷರತ್ತಿಲ್ಲದಿದ್ದರೆ, ಸಾಲ ತೆಗೆದವನಷ್ಟೇ ಹೊಣೆಗಾರನೆಂದು 128ನೆಯ ಕಲಮು ಸಾರುತ್ತದೆ. ಮೊಬೈಲಿನ ಪರದೆಯಲ್ಲಿ ‘ಒಪ್ಪಿದೆ’ ಎಂದು ಒತ್ತುವ ಬೆರಳೂ ಕರಾರನ್ನು ಮಾಡಬಲ್ಲದು. ಮೈಸೂರಿನ ಮಸಿಯಾದರೋ ಕೆಲವು ವಾರಗಳಲ್ಲಿ ಚರ್ಮ ಬೆಳೆದಂತೆ ತಾನಾಗಿ ಮಾಸುತ್ತದೆ. ಓದದೆ ಹಾಕಿದ ಸಹಿ ಹಾಗೆ ಮಾಸುವುದಿಲ್ಲ. ಆದುದರಿಂದ ಲೇಖನಿ ಕಾಗದವನ್ನು ಮುಟ್ಟುವ ಮುನ್ನ ಕಣ್ಣು ಅದನ್ನು ಮುಟ್ಟಿರಲಿ.