ಗೋಡೆಯ ಬಿರುಕಿನಲ್ಲಿ ಕಾದಿರುವ ಅರಳಿ

ನಿಮ್ಮ ಬಿಲ್ಡಿಂಗಿನ ಹಿಂಬದಿಯ ಗೋಡೆಯನ್ನು ಒಮ್ಮೆ ನೋಡಿ. ನೀರಿನ ಪೈಪು ಹಾದುಹೋಗುವ ಕಡೆ ಒಂದು ಅರಳಿ ಗಿಡ ಇಣುಕುತ್ತಿರಬಹುದು. ಯಾರೂ ನೆಟ್ಟದ್ದಲ್ಲ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬೀಜವಿತ್ತು, ಬಿರುಕಿನಲ್ಲಿ ಒಂದಿಷ್ಟು ಧೂಳು ಮತ್ತು ತೇವವಿತ್ತು, ಅಷ್ಟೇ ಸಾಕಾಯ್ತು. ಮುಂಬೈಯಲ್ಲಿ ಮಳೆಗಾಲಕ್ಕೆ ಮುಂಚೆ ಸೊಸೈಟಿಯವರು ಆಳು ಕರೆಸಿ ಅದನ್ನು ಕೀಳಿಸುತ್ತಾರೆ. ಬೇರು ಒಳಗೆ ಉಳಿದಿರುತ್ತದೆ, ಮುಂದಿನ ವರ್ಷ ಗಿಡ ಮತ್ತೆ ಅಲ್ಲೇ ಹಾಜರು.

ಈಗ ಹೀಗೆ ಯೋಚಿಸಿ. ನಾಳೆಯಿಂದ ಅದನ್ನು ಕೀಳಲು ಯಾರೂ ಬರುವುದಿಲ್ಲ. ಆ ಆಳು ಮಾತ್ರವಲ್ಲ, ನೀವೂ ಇಲ್ಲ, ನಾನೂ ಇಲ್ಲ, ಭೂಮಿಯ ಮೇಲೆ ಒಬ್ಬ ಮನುಷ್ಯನೂ ಇಲ್ಲ. ಆಗ ಏನಾಗುತ್ತೆ? ಅಮೆರಿಕದ ಪತ್ರಕರ್ತ ಆಲನ್ ವೈಸ್‌ಮನ್ ಈ ಪ್ರಶ್ನೆಯನ್ನೇ ಹಿಡಿದು 2007ರಲ್ಲಿ ಒಂದು ಪುಸ್ತಕ ಬರೆದರು.

ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ಪಂಪುಗಳು ನಿಲ್ಲುತ್ತವೆ. ನ್ಯೂಯಾರ್ಕಿನ ನೆಲದಡಿಯ ರೈಲುಮಾರ್ಗದಿಂದ ಮಳೆಯಿಲ್ಲದ ದಿನವೂ ಸುಮಾರು 5 ಕೋಟಿ ಲೀಟರ್ ನೀರನ್ನು ಎತ್ತಿ ಹೊರಹಾಕಬೇಕು. ಪಂಪು ನಿಂತರೆ ಕೆಲವೇ ದಿನಗಳಲ್ಲಿ ಸುರಂಗಗಳು ಮುಳುಗುತ್ತವೆ. ನಮ್ಮ ಮುಂಬೈ ಕಥೆಯೂ ಬೇರೆಯಲ್ಲ. ಏಳು ದ್ವೀಪಗಳ ನಡುವಿನ ನೀರನ್ನು ಮುಚ್ಚಿ ಕಟ್ಟಿದ ಊರು ಇದು. ಸಮುದ್ರ ಉಬ್ಬಿದಾಗಲೇ ಜೋರು ಮಳೆ ಬಂದರೆ ಚರಂಡಿ ನೀರು ತಾನಾಗಿ ಸಮುದ್ರಕ್ಕೆ ಹೋಗುವುದಿಲ್ಲ. ಹಾಜಿ ಅಲಿ, ಇರ್ಲಾದಂಥ ಪಂಪಿಂಗ್ ಸ್ಟೇಷನ್ನುಗಳು ಅದನ್ನು ಎತ್ತಿ ಹಾಕುತ್ತವೆ. ಯಾರೂ ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ತಗ್ಗು ಜಾಗಗಳು ಮತ್ತೆ ಕೆರೆಗಳಾಗುತ್ತವೆ.

ಆಮೇಲೆ ಕಟ್ಟಡಗಳ ಸರದಿ. ಕಾಂಕ್ರೀಟು ಗಟ್ಟಿ ನಿಜ, ಆದರೆ ಅದರೊಳಗೆ ಕಬ್ಬಿಣದ ಸರಳಿದೆ. ಬಿರುಕಿನಿಂದ ನೀರು, ಉಪ್ಪು ಗಾಳಿ ಒಳಗೆ ಹೋದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಒಡೆದಲ್ಲಿ ನಮ್ಮ ಅರಳಿ ಬೇರು ಬಿಡುತ್ತದೆ. ರಸ್ತೆಯ ಡಾಂಬರಿನ ಸೀಳಿನಲ್ಲಿ ಹುಲ್ಲು, ಹುಲ್ಲಿನ ಮೇಲೆ ಪೊದೆ, ಪೊದೆಯ ನೆರಳಲ್ಲಿ ಮರ.

ಇದೆಲ್ಲ ಬರೀ ಊಹೆ ಅಂತ ನಿಮಗನಿಸಬಹುದು. ಆದರೆ ಮನುಷ್ಯರು ಬಿಟ್ಟುಹೋದ ಒಂದು ಊರು ನಮ್ಮ ಕಣ್ಣೆದುರೇ ಇದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣು ಸ್ಥಾವರ ಸಿಡಿಯಿತು. ಮರುದಿನ ಪಕ್ಕದ ಪ್ರಿಪ್ಯಾತ್ ಊರಿನ ಸುಮಾರು 49,000 ಜನರನ್ನು ಬಸ್ಸು ಹತ್ತಿಸಿದರು. ಮೂರು ದಿನದ ಮಟ್ಟಿಗೆ ಎಂದು ಹೇಳಿದ್ದರು. ಯಾರೂ ವಾಪಸು ಬಂದು ನೆಲೆಸಲಿಲ್ಲ. ಇಂದು ಅಲ್ಲಿನ ಸ್ಟೇಡಿಯಮ್ಮಿನಲ್ಲಿ ಮರಗಳು ಬೆಳೆದಿವೆ. ಬೆಲಾರೂಸ್ ಕಡೆಯ ನಿಷೇಧಿತ ಪ್ರದೇಶದಲ್ಲಿ ಪ್ರಾಣಿಗಳನ್ನು ಎಣಿಸಿದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ತೋಳಗಳ ಸಂಖ್ಯೆ ಆ ಭಾಗದ ಸಂರಕ್ಷಿತ ಕಾಡುಗಳಿಗಿಂತ ಏಳು ಪಟ್ಟು ಹೆಚ್ಚು. ವಿಕಿರಣ ಒಳ್ಳೆಯದು ಅಂತ ಇದರ ಅರ್ಥವಲ್ಲ. ಬೇಟೆ, ಬೇಸಾಯ, ಮನೆಮಾರು ಎಲ್ಲ ಸೇರಿದ ನಮ್ಮ ನಿತ್ಯದ ಇರವು ಆ ಪ್ರಾಣಿಗಳಿಗೆ ವಿಕಿರಣಕ್ಕಿಂತಲೂ ಭಾರವಾಗಿತ್ತು ಅಂತ ಅರ್ಥ.

ಹಾಗಾದರೆ ನಾವು ಹೋದರೆ ಎಲ್ಲ ಸರಿಹೋಗುತ್ತಾ? ಅಷ್ಟು ಸುಲಭ ಅಲ್ಲ. ಮೊದಲ ವಾರದಲ್ಲೇ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳು, ಗೂಡಿನಲ್ಲಿರುವ ಫಾರಂ ಕೋಳಿಗಳು ನೀರಿಲ್ಲದೆ ಸಾಯುತ್ತವೆ. ಪ್ರಪಂಚದ 400ಕ್ಕೂ ಹೆಚ್ಚು ಅಣು ರಿಯಾಕ್ಟರುಗಳ ಇಂಧನವನ್ನು ಯಂತ್ರ ನಿಂತ ಮೇಲೂ ತಣಿಸುತ್ತಿರಬೇಕು; ತಣಿಸುವವರು ಇರುವುದಿಲ್ಲ. ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ, ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ ಬೇಕು. ಪ್ಲಾಸ್ಟಿಕ್ ಪುಡಿಯಾದೀತು, ಬೇಗ ಮಣ್ಣಾಗದು. ಎಲ್ಲಕ್ಕಿಂತ ದೊಡ್ಡ ಮಾತು: ಒಮ್ಮೆ ಅಳಿದ ಜೀವ ಮರಳುವುದಿಲ್ಲ. ಉತ್ತರ ಅಮೆರಿಕದ ಆಕಾಶವನ್ನೇ ಮುಚ್ಚುವಷ್ಟಿದ್ದ ವಲಸೆ ಪಾರಿವಾಳದ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಕಾಡು ಎಷ್ಟೇ ಬೆಳೆದರೂ ಆ ಹಕ್ಕಿ ಇನ್ನು ಬರದು.

ಅಂದರೆ ಪ್ರಕೃತಿ ಜಾಗವನ್ನು ಮರಳಿ ಪಡೆಯುತ್ತದೆ, ಆದರೆ ಆ ಹೊತ್ತಿಗೆ ಉಳಿದದ್ದನ್ನು ಮಾತ್ರ ಇಟ್ಟುಕೊಂಡು. ಆದ್ದರಿಂದ ನಾವು ಇರುವಾಗಲೇ ಜಾಗ ಬಿಡಬೇಕು. ಅದಕ್ಕೆ ನಾವು ಮಾಯವಾಗಬೇಕಿಲ್ಲ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿಲೋಮೀಟರ್ ಮಾತ್ರ, ಸುತ್ತಲೂ ಲಕ್ಷಾಂತರ ಜನರಿದ್ದಾರೆ, ಆದರೂ ಅಲ್ಲಿ ಚಿರತೆಗಳು ಬಾಳುತ್ತಿವೆ.

ಬಿಡದಿದ್ದರೆ? 2005ರ ಜುಲೈ 26 ನೆನಪಿದೆಯಲ್ಲ? ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿಯ ದಂಡೆಯನ್ನು ಒತ್ತುವರಿ ಮಾಡಿ, ಕಾಂಡ್ಲಾ ಕಾಡಿಗೆ ಮಣ್ಣು ತುಂಬಿ ನಾವು ಕಟ್ಟಿದ್ದ ಜಾಗಕ್ಕೇ ನೀರು ನುಗ್ಗಿತು. ನೂರಾರು ಜನ ಸತ್ತರು, ಹೆಚ್ಚು ಕಳಕೊಂಡದ್ದು ದಂಡೆಯ ಜೋಪಡಿಗಳಲ್ಲಿದ್ದ ಬಡವರೇ. ಜಾಗ ಕೇಳಲು ನೀರು ನಾವೆಲ್ಲ ಹೋಗುವ ತನಕ ಕಾಯಲಿಲ್ಲ.

ಮುಂದಿನ ಸಲ ಗೋಡೆಯ ಅರಳಿಯನ್ನು ಕೀಳಿಸುವಾಗ ಕೀಳಿಸಿ, ತಪ್ಪೇನಿಲ್ಲ, ಗೋಡೆ ಉಳಿಯಬೇಕಲ್ಲ. ಆದರೆ ಬೇರು ಸಮೇತ ಸಿಕ್ಕರೆ ಎಸೆಯಬೇಡಿ. ಗೋಡೆಯಿಂದ ದೂರ, ಬಯಲಿರುವ ಕಡೆ ನೆಡಿ.